ಸೊಣ್ಣಜ್ಜಿಯ ಮೂರು ಕಲ್ಲು

"ಈ ಮನೇಲಿ ಒಲೆ ಎಷ್ಟಮ್ಮ?"

ತಮ್ಮನ ಮೂಗು ಒರೆಸುತ್ತಿದ್ದ ಪಟಾಲು ತಲೆಯೆತ್ತಿ ನೋಡಿದಳು. ಗುಡಿಸಲಿನ ಮುಂದೆ ಇಬ್ಬರು ನಿಂತಿದ್ದರು. ಕೇಳಿದವರು ಮುನಿಸಿಪಾಲ್ಟಿ ಗುಮಾಸ್ತರು ನರಸಿಂಹಯ್ಯ. ಕರಿ ಕೋಟು, ಕಚ್ಚೆ ಪಂಚೆ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಅವರ ಹಿಂದೆ ಜವಾನ ಹಬೀಬುಲ್ಲಾ ಟಾರಿನ ಡಬ್ಬಿ, ಬ್ರಷ್ಷು ಹಿಡಿದುಕೊಂಡು ನಿಂತಿದ್ದ.

ಹುಡುಗಿಯ ಪೂರ್ತಿ ಹೆಸರು ಪಟಾಲಮ್ಮ. ಊರ ದೇವತೆಯ ಹೆಸರನ್ನೇನೋ ಇಟ್ಟರು, ಆದರೆ ದೇವತೆ ಗುಡಿಯಲ್ಲಿ ಸುಮ್ಮನೆ ಕೂತಿರುತ್ತಾಳಲ್ಲ, ಆ ಗುಣ ಮಾತ್ರ ಬರಲಿಲ್ಲ. ಕೇಳಿದ್ದಕ್ಕೂ ಉತ್ತರ, ಕೇಳದ್ದಕ್ಕೂ ಉತ್ತರ. ನಾಲ್ಕನೇ ಕ್ಲಾಸಿನ ಮೇಷ್ಟ್ರು ವಾರಕ್ಕೆ ಎರಡು ಸಲವಾದರೂ "ನಿನ್ನ ಬಾಯಿಗೊಂದು ಬೀಗ ತರ್ಬೇಕು ಕಣೇ" ಅನ್ನುತ್ತಿದ್ದರು.

ಯಲಹಂಕದ ಕೆರೆ ಕೋಡಿಯ ಕೆಳಗೆ ಈ ಗುಡಿಸಲುಗಳ ಸಾಲು ಇತ್ತು. ಹೋದ ವರ್ಷ, ಅರವತ್ತೊಂದರ ಮಳೆಗಾಲದಲ್ಲಿ, ಕೋಡಿ ಹರಿದು ನೀರು ಸೊಂಟದ ತನಕ ನುಗ್ಗಿತು. ನಾಲ್ಕು ಗುಡಿಸಲು ಕೊಚ್ಚಿಕೊಂಡು ಹೋದವು. ಇನ್ನು ಇಲ್ಲಿ ಯಾರೂ ಇರಕೂಡದು ಎಂದು ಮುನಿಸಿಪಾಲ್ಟಿಯವರು ದಿಣ್ಣೆಯ ಮೇಲೆ ಹೆಂಚಿನ ರೂಮುಗಳನ್ನು ಕಟ್ಟಿಸಿದರು. ಬಡವರಿಗೆ ಬಿಟ್ಟಿ ರೂಮು. ಅದನ್ನು ಕೊಡುವುದಕ್ಕೊಂದು ಲೆಕ್ಕವೂ ಇತ್ತು, ಒಲೆಗೊಂದು ರೂಮು. ಎಷ್ಟು ಒಲೆ ಉರಿಯುತ್ತದೋ ಅಷ್ಟು ಸಂಸಾರ ಅಂತ.

ಈ ಲೆಕ್ಕ ಸಾಲಿನ ದೊಡ್ಡವರಿಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಇಂಥದ್ದನ್ನೆಲ್ಲ ಯಾರು ಹೇಳುತ್ತಾರೆ? ಅದರ ಮೇಲೆ, ಸೋಮವಾರ ಬರುತ್ತೇವೆ ಅಂದಿದ್ದವರು ಶನಿವಾರವೇ ಬಂದುಬಿಟ್ಟಿದ್ದರು. ಅಪ್ಪ ಅಮ್ಮ ಇಬ್ಬರೂ ಇಟ್ಟಿಗೆ ಗೂಡಿಗೆ ಹೋಗಿದ್ದರು. ಬೆಳಗಿನ ಶಾಲೆ ಮುಗಿಸಿ ಬಂದಿದ್ದ ಪಟಾಲು ಒಬ್ಬಳೇ ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದಳು.

"ಒಂದು ಸಾರ್," ಅಂದಳು.

"ಆ ಪಕ್ಕದ ಚಪ್ಪರ ಯಾರದು?"

ಗುಡಿಸಲಿನ ಗೋಡೆಗೆ ಆತುಕೊಂಡು ಈಚಲು ಗರಿಯ ಒಂದು ಪುಟ್ಟ ಚಪ್ಪರವಿತ್ತು. ಮುಂದಕ್ಕೆ ಗೋಣಿಪರದೆ. ಒಬ್ಬರು ಕಾಲು ಮಡಿಸಿಕೊಂಡು ಮಲಗುವಷ್ಟು ಜಾಗ.

"ನಮ್ಮ ಸೊಣ್ಣಜ್ಜೀದು ಸಾರ್. ಪಕ್ಕದಲ್ಲಿದ್ದ ಅಜ್ಜಿ ಗುಡಿಸ್ಲು ನೀರಲ್ಲಿ ಹೋಯ್ತಲ್ಲ, ಆವಾಗ್ಲಿಂದ ನಮ್ಮತ್ರಾನೇ ಐತೆ. ಪೊರಕೆ ಕಟ್ಟಿ ಮಾರುತ್ತೆ. ಈಗ ಗರಿ ಕೊಯ್ಯೋಕೆ ಅಮೃತಹಳ್ಳಿ ಕಡೆ ಹೋಗೈತೆ. ಸಂಜೆ ಬರುತ್ತೆ."

ಹಬೀಬುಲ್ಲಾ ಗೋಣಿಪರದೆ ಸರಿಸಿ ಬಗ್ಗಿ ನೋಡಿದ. ಒಳಗೆ ಮೂಲೆಯಲ್ಲಿ ಮೂರು ಕಲ್ಲು, ನಡುವೆ ಬೂದಿ.

"ಇಲ್ಲೂ ಒಂದು ಒಲೆ ಕಾಣ್ತದಲ್ಲ ಬೇಟಿ," ಅಂದ. "ಅಜ್ಜಿ ಬೇರೆ ಬೇಯಿಸ್ಕೊಳ್ತಾರೆ, ಅಲ್ವಾ? ಚೆನ್ನಾಗಿ ನೆನಪು ಮಾಡ್ಕೊಂಡು ಹೇಳು."

ಪಟಾಲುವಿನ ಮುಖ ಕೆಂಪಗಾಯಿತು. ಒಲೆ ಬೇರೆ ಅನ್ನುವುದು ಆ ಸಾಲಿನಲ್ಲಿ ಎಂಥ ಕೆಟ್ಟ ಮಾತು ಅಂತ ಈ ಜವಾನನಿಗೆ ಏನು ಗೊತ್ತು? ಮೂರು ತಿಂಗಳ ಹಿಂದೆ ಲಕ್ಕಣ್ಣ ಮತ್ತು ಅವನ ತಮ್ಮ ಜಗಳವಾಡಿ ಒಲೆ ಬೇರೆ ಹೂಡಿದಾಗ ಬಾವಿಕಟ್ಟೆಯಲ್ಲಿ ಹೆಂಗಸರಿಗೆಲ್ಲ ಒಂದು ವಾರ ಅದೇ ಮಾತು. ಲಕ್ಕಣ್ಣನ ತಾಯಿ ತಲೆ ತಗ್ಗಿಸಿಕೊಂಡು ನೀರಿಗೆ ಬರುತ್ತಿದ್ದರು. ಅಂಥ ಹೆಸರು ನಮ್ಮ ಮನೆಗೂ ಬರಲೇನು?

"ಇಲ್ಲಪ್ಪ. ಅಜ್ಜಿ ನಮ್ಮನೇಲೇ ಉಣ್ಣೋದು. ಆ ಕಲ್ಲಲ್ಲಿ ಬರೀ ಚಳಿಗೆ ಬೆಂಕಿ ಹಾಕುತ್ತೆ. ನಾವೇನೂ ಬೇರೆ ಆಗಿಲ್ಲ. ಅಜ್ಜಿ ನಮ್ಮನೆಯೋರೇ ಸಾರ್, ನಮ್ಮದೆಲ್ಲ ಒಂದೇ ಒಲೆ."

"ಇನ್ನೊಂದ್ಸಲ ಕೇಳಿ ಸ್ವಾಮಿ, ಮಗು ಅದು," ಎಂದು ಹಬೀಬುಲ್ಲಾ ಗುಮಾಸ್ತರಿಗೆ ಹೇಳಿದ.

"ಎಷ್ಟು ಸಲ ಕೇಳೋದು? ಹುಡುಗಿ ಸ್ಪಷ್ಟವಾಗಿ ಹೇಳ್ತಾ ಇದ್ದಾಳಲ್ಲ," ಅಂದ ಗುಮಾಸ್ತರು ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಂಜಿನಪ್ಪ, ಹೆಂಡತಿ ಮುನಿಕೃಷ್ಣಮ್ಮ, ಮಕ್ಕಳು ಮೂರು, ಮುದುಕಿ ಒಂದು. ಒಲೆ ಒಂದು.

ಹಬೀಬುಲ್ಲಾ ಗುಡಿಸಲಿನ ಗೋಡೆಯ ಮೇಲೆ ಟಾರಿನಲ್ಲಿ ದೊಡ್ಡದಾಗಿ 27 ಎಂದು ಬರೆದ. ಚಪ್ಪರದ ಮೇಲೆ ಏನೂ ಬರೆಯಲಿಲ್ಲ. ಪಟಾಲು ಆ ಅಂಕಿಯನ್ನು ನೋಡಿ ನೋಡಿ ಖುಷಿಪಟ್ಟಳು. ದೊಡ್ಡವರಿಲ್ಲದಾಗ ಮನೆಯ ಮರ್ಯಾದೆ ಉಳಿಸಿದ್ದೇನೆ ಅಂತ ಅವಳ ಲೆಕ್ಕ.

ಸಂಜೆ ಚಿಕ್ಕಬಳ್ಳಾಪುರದ ಪುಟ್ಟ ರೈಲು ಕೂಗಿಕೊಂಡು ಹೋದ ಮೇಲೆ ಸೊಣ್ಣಜ್ಜಿ ಗರಿಯ ಹೊರೆ ಹೊತ್ತು ಬಂದಳು. ಹೊರೆ ಇಳಿಸುವುದಕ್ಕೂ ಬಿಡದೆ ಪಟಾಲು ಎಲ್ಲವನ್ನೂ ಹೇಳಿದಳು. ಗುಮಾಸ್ತರು ಹೇಗೆ ಕೇಳಿದರು, ಜವಾನ ಹೇಗೆ ಬಾಯಿ ಬಿಡಿಸಲು ನೋಡಿದ, ತಾನು ಹೇಗೆ ಜಗ್ಗಲಿಲ್ಲ, ಎಲ್ಲ.

"ಒಂದೇ ಒಲೆ ಅಂದ್ಯಾ?" ಎಂದು ಅಜ್ಜಿ ಕೇಳಿದಳು.

"ಹೂಂ ಮತ್ತೆ. ಬೇರೆ ಅಂತೀನಾ?"

ಅಜ್ಜಿ ಹೊರೆಯನ್ನು ಮೆಲ್ಲಗೆ ಇಳಿಸಿದಳು. ಗೋಡೆಯ ಅಂಕಿ ನೋಡಿದಳು, ತನ್ನ ಚಪ್ಪರ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಪಟಾಲುವಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಕೆಲಸ ಮುಗಿಸಿ ಬಂದ ಅಮ್ಮ ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಒಲೆಗೊಂದು ರೂಮು ಕಣೇ ಅವ್ರು ಕೊಡೋದು. ಅಜ್ಜಿ ಒಲೆ ಬೇರೆ ಅಂದಿದ್ರೆ ಅಜ್ಜೀಗೂ ಒಂದು ರೂಮು ಬರ್ತಿತ್ತು. ಅದಕ್ಕೇ ಒಂದು ತಿಂಗಳಿಂದ ಆ ಮೂರು ಕಲ್ಲಿಗೆ ಒತ್ತಾರೆ ಸಂಜೆ ಬೆಂಕಿ ಆಕ್ತಾ ಇತ್ತು. ಬೂದಿ ಕಾಣ್ಲಿ ಅಂತ."

ಅಜ್ಜಿ ಪಾತ್ರೆಯನ್ನೇ ಇಡದೆ ಬೆಂಕಿ ಹಾಕುವುದನ್ನು ಪಟಾಲು ನೋಡಿದ್ದಳು. ಚಳಿಗೆ ಅಂದುಕೊಂಡಿದ್ದಳು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಅಮ್ಮ ಒಲೆಗೆ ಸೌದೆ ತಳ್ಳಿದಳು. "ಎಂಗೆ ಏಳ್ಲಿ? ಅಜ್ಜಿ ಬೇರೆ ಅನ್ನು ಅಂತ ಮಕ್ಕಳಿಗೆ ಕಲ್ಸೋಕೆ ನಂಗೆ ಬಾಯಿ ಬರ್ಲಿಲ್ಲ."

ಅಪ್ಪ ಬಂದವನು ಕೇಳಿ, "ಓಗ್ಲಿ ಬಿಡು. ನಮ್ ಜೊತೇಲೇ ಇರ್ಲಿ, ಓಡಿಸ್ತೀವಾ?" ಅಂದ.

"ಆ ರೂಮು ಅತ್ತಡಿ ಉದ್ದ, ಅತ್ತಡಿ ಅಗಲ," ಅಂದಳು ಅಜ್ಜಿ. "ಅಲ್ಲಿ ಚಪ್ಪರ ಗಿಪ್ಪರ ಇಳಿಸೋಂಗಿಲ್ವಂತೆ. ನೀವು ಐದು ಜನ. ನನ್ನ ಗರಿ ಎಲ್ಲಿಡ್ಲಿ, ನಾನೆಲ್ಲಿ ಇರ್ಲಿ? ಇವತ್ತು ನೀನು ಇರು ಅಂತೀಯ ಆಂಜಿನಪ್ಪ. ಒಳ್ಳೇ ಮನಸ್ಸಿಂದಲೇ ಅಂತೀಯ. ಆದ್ರೆ ತಂಗಿ ಮನೇಲಿ ಇದ್ದೆ, ಓಗು ಅಂದ್ರು. ಅಳಿಯನ ಮನೇಲಿ ಇದ್ದೆ, ಅಲ್ಲೂ ಓಗು ಅಂದ್ರು. ನಂಗೆ ಒಂದು ಬಾಗ್ಲು ಬೇಕಪ್ಪ. ನಾನೇ ಆಕ್ಕೊಂಡು ನಾನೇ ತೆಗೆಯೋ ಬಾಗ್ಲು. ಅಷ್ಟೇಯ."

ತಾನು ಅಜ್ಜಿಯ ಬಾಗಿಲನ್ನು ಕಿತ್ತುಕೊಂಡೆ ಅನ್ನಿಸಿ ಪಟಾಲು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ. ಅಜ್ಜಿಯ ಕೈಹಿಡಿದು ಮುನಿಸಿಪಾಲ್ಟಿ ಕಚೇರಿಗೆ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಗುಮಾಸ್ತರ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಒದರಿದಳು.

"ಸಾರ್, ನಾನು ತಪ್ಪು ಹೇಳ್ಬಿಟ್ಟೆ. ಅಜ್ಜಿ ಒಲೆ ಬೇರೆ. ಈಗ ಬರ್ಕೊಳ್ಳಿ ಸಾರ್."

ನರಸಿಂಹಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲಿಸ್ಟಿಗೆ ಶನಿವಾರ ಸಂಜೇನೇ ಸಹಿ ಆಯ್ತಲ್ಲಮ್ಮ. ಮೂವತ್ತೊಂದು ರೂಮು, ಮೂವತ್ತೊಂದು ಒಲೆ. ಸರಿ ಹೋಗಿದೆ."

"ಒಂದು ಸೇರ್ಸಿ ಸಾರ್."

"ಸೇರಿಸಬಹುದು. ಒಂದು ಸೇರಿಸಬೇಕಾದ್ರೆ ಒಂದು ಹೊಡೀಬೇಕು. ನೀನೇ ಹೇಳು, ಯಾರ ಹೆಸರು ಹೊಡೀಲಿ?"

ಪಟಾಲು ಬಾಯಿ ತೆರೆದಳು. ಲಕ್ಕಣ್ಣನದು ಅನ್ನಲೇ? ಅವನು ಜಗಳಗಂಟ, ಆದರೆ ಅವನ ತಾಯಿ? ಮೂಲೆ ಮನೆಯ ಯಲ್ಲಮ್ಮಕ್ಕನದು ಅನ್ನಲೇ? ಅವರ ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ. ಮೂವತ್ತೊಂದು ಮನೆಗಳನ್ನೂ ಮನಸ್ಸಿನಲ್ಲೇ ಸುತ್ತಿ ಬಂದಳು. ಒಂದು ಹೆಸರೂ ಬಾಯಿಗೆ ಬರಲಿಲ್ಲ.

ಗುಮಾಸ್ತರು ಕೆಟ್ಟವರಲ್ಲ. ಎಲ್ಲಿ ಯಾವ ದಾರಿ ಇದೆಯೋ ಅಂತ ಒಂದಷ್ಟು ಕಾಗದ ತಿರುವಿ ಹಾಕಿದರು.

"ಸ್ಟೇಷನ್ ಹತ್ರ ಹಳೇ ಗೋಡೌನಿದೆಯಲ್ಲ, ಅಲ್ಲಿ ಮನೆ ಮಠ ಇಲ್ಲದೋರಿಗೆ ಅಂತ ಶೆಡ್ಡು ಮಾಡಿದ್ದೀವಿ. ಒಂದು ಚಾಪೆ, ಒಂದೊತ್ತು ಊಟ. ಬರೋ ವರ್ಷ ದಿಣ್ಣೆ ಮೇಲೆ ಇನ್ನೂ ಐದು ರೂಮು ಏಳುತ್ತೆ. ಅದು ಮೊದಲು ಶೆಡ್ಡಲ್ಲಿ ಇರೋರಿಗೇ ಅಂತ ತೀರ್ಮಾನ ಆಗಿದೆ. ಆದ್ರೆ ಶೆಡ್ಡು ಇರೋದು ಯಾರೂ ದಿಕ್ಕಿಲ್ಲದೋರಿಗೆ. ಅಜ್ಜಿ ಹೆಸರು ನಿಮ್ಮ ಮನೆಯೋರು ಅಂತ ನನ್ನ ರಿಜಿಸ್ಟ್ರಲ್ಲಿ ಕೂತಿದೆ."

"ಅದನ್ನ ಹೇಗೆ ಸಾರ್ ತೆಗೆಯೋದು?"

"ನಮ್ಮ ಮನೆಯೋರಲ್ಲ ಅಂತ ನಿಮ್ಮಪ್ಪ ಬರೆದುಕೊಡ್ಬೇಕು. ಹೆಬ್ಬೆಟ್ಟು ಒತ್ತಿದ್ರೂ ಆಯ್ತು. ಒಂದು ಮಾತು ನೆನಪಿರಲಿ. ಬರೆದುಕೊಟ್ಟ ಮೇಲೆ ನೀವು ನೆಂಟರ ಹಾಗೆ ಹೋಗಿ ಬಂದು ಮಾಡಬಾರದು. ಜನ ಇದ್ದಾರೆ ಅಂತ ಗೊತ್ತಾದ್ರೆ ಹೆಸರು ಹೊಡೆದುಹಾಕ್ತಾರೆ, ಆಮೇಲೆ ಶೆಡ್ಡೂ ಇಲ್ಲ, ರೂಮೂ ಇಲ್ಲ."

ಅಜ್ಜಿ ಅಷ್ಟು ಹೊತ್ತು ಗೋಡೆಗೆ ಒರಗಿ ಕೇಳುತ್ತಿದ್ದಳು. ಈಗ ಮುಂದೆ ಬಂದಳು.

"ಆ ಬರೋ ವರ್ಷದ ರೂಮಿಗೆ ಬಾಗ್ಲು ಇರ್ತದಾ ಸ್ವಾಮಿ?"

"ಇರುತ್ತೆ ಅಜ್ಜಿ."

"ಒಳಗಡೆಯಿಂದ ಚಿಲ್ಕ?"

"ಅದೂ ಇರುತ್ತೆ."

"ಅಂಗಾದ್ರೆ ಏನ್ ಬರೀಬೇಕು ಅಂತ ಈ ಮಗೀಗೆ ಏಳಿ. ನಮ್ ಕಡೆ ಬರೆಯೋಕೆ ಬರೋದು ಇವಳಿಗೇಯ."

ಹೀಗೆ, ಆ ಕಾಗದ ಬರೆಯುವ ಕೆಲಸ ಪಟಾಲುವಿನ ಪಾಲಿಗೇ ಬಂತು.

ಅವತ್ತು ಮಧ್ಯಾಹ್ನ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದು, ಗುಡಿಸಲಿನ ಮುಂದೆ ಕೂತು ಬರೆದಳು. ಗುಮಾಸ್ತರು ಹೇಳಿಕೊಟ್ಟಂತೆಯೇ ಬರೆದಳು. ಸೊಣ್ಣಮ್ಮ ಎಂಬ ವೃದ್ಧೆಯು ನಮ್ಮ ಮನೆಯವರಲ್ಲ. ಅವರ ಒಲೆ ಬೇರೆ. ನಮಗೂ ಅವರಿಗೂ ಯಾವ ಸಂಬಂಧವೂ ಇರುವುದಿಲ್ಲ.

ಬರೆದದ್ದರಲ್ಲಿ ಸಂಬಂಧಿಕರಲ್ಲ ಅನ್ನುವುದೇನೋ ನಿಜವೇ. ಆದರೂ ಒಂದೊಂದು ಅಕ್ಷರಕ್ಕೂ ಕೈ ಎಳೆದಾಡಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಕೋಳಿ ಕೆದರಿದಂತಾದವು. ಯಾರಿಗೂ ಓದಲು ಬರದಿದ್ದರೆ ಸಾಕು ಅಂತ ಅವಳಿಗೆ ಒಳಗೊಳಗೇ ಇತ್ತೋ ಏನೋ.

ಪೊರಕೆ ಕಟ್ಟುತ್ತಿದ್ದ ಅಜ್ಜಿ, "ಓದು ಮಗ," ಅಂದಳು.

ಪಟಾಲು ಓದಿದಳು. ಕೊನೆಯ ಸಾಲನ್ನು ಬೇಗ ಬೇಗ ಓದಿ ಮುಗಿಸಿದಳು.

"ಅಕ್ಷರ ಚೆನ್ನಾಗಿ ಬಂದೈತಾ?"

ಓದಲು ಬಾರದ ಅಜ್ಜಿಗೆ ಹೂಂ ಅಂದರೆ ಮುಗಿಯುತ್ತಿತ್ತು. ಪಟಾಲುವಿಗೆ ಅನ್ನಲು ಆಗಲಿಲ್ಲ. "ಇಲ್ಲ ಅಜ್ಜಿ," ಅಂದಳು.

"ಚೆನ್ನಾಗಿ ಬರಿಯವ್ವ. ಅವ್ರು ಓದೋಕಾಗ್ಲಿಲ್ಲ ಅಂತ ಮೂಲೆಗೆ ಎಸೆದ್ರೆ ನಾನೇನ್ ಮಾಡ್ಲಿ?"

ಪಟಾಲು ಇನ್ನೊಂದು ಹಾಳೆ ಹರಿದಳು. ಈ ಸಲ ಕಾಪಿ ಬರೆಯುವಾಗಿನಂತೆ ಗೆರೆಯ ಮೇಲೆ, ದುಂಡಗೆ, ಒಂದು ಕೊಂಬು ಒತ್ತು ತಪ್ಪದಂತೆ ಬರೆದಳು. ಯಾವ ಸಂಬಂಧವೂ ಇರುವುದಿಲ್ಲ. ಮೇಷ್ಟ್ರು ನೋಡಿದ್ದರೆ ಗುಡ್ ಹಾಕುತ್ತಿದ್ದರು.

ಅಪ್ಪ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ನಾನು ಇಂಥದ್ದಕ್ಕೆಲ್ಲ ಒತ್ತಲ್ಲ ಕಣಜ್ಜಿ. ನಾಳೆ ನಾಲ್ಕು ಜನ ಏನಂತಾರೆ?" ಅಂತ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. ಅಜ್ಜಿ ಅವನ ಕೈಯನ್ನು ತಾನೇ ಮುಂದಕ್ಕೆ ಎಳೆದು ಬೆರಳಿಗೆ ಮಸಿ ಹಚ್ಚಿದಳು. ಅಮ್ಮ ಒಳಗೆ ಹೋಗಿ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಹದಿನೈದು ದಿನಕ್ಕೆ ಸಾಲು ಖಾಲಿಯಾಯಿತು. ಮೂವತ್ತೊಂದು ಮನೆಯವರು ಪಾತ್ರೆ, ಕೋಳಿ, ಕುರಿಮರಿ, ಮಕ್ಕಳು ಎಲ್ಲ ಕಟ್ಟಿಕೊಂಡು ದಿಣ್ಣೆ ಹತ್ತಿದರು. ಸೊಣ್ಣಜ್ಜಿ ಒಬ್ಬಳು ಸ್ಟೇಷನ್ ಕಡೆಗೆ ಹೊರಟಳು. ಅಪ್ಪ ಬರುತ್ತೇನೆ ಅಂದದ್ದಕ್ಕೆ ಬೇಡ ಅಂದಳು. ಗುಮಾಸ್ತರು ಹೇಳಿದ್ದು ನೆನಪಿಲ್ಲವೇ ಅಂತ ಕೇಳಿದಳು. ಮಗು ಬಂದರೆ ಯಾರು ಏನು ಅಂದಾರು ಅಂತ ಪಟಾಲುವಿಗೆ ಮಾತ್ರ ಬರಗೊಟ್ಟಳು.

ಗಂಟು ಪಟಾಲುವಿನ ತಲೆಯ ಮೇಲಿತ್ತು. ಎರಡು ಸೀರೆ, ಒಂದು ಕಂಬಳಿ, ಕುಡುಗೋಲು, ಒಂದು ತಟ್ಟೆ. ದಾರಿಯಲ್ಲಿ ಅವಳು ಎಂದಿನಂತೆ ಮಾತಾಡಿದಳು. ಒಂದು ವರ್ಷ ಅಂದರೆ ಎಷ್ಟು ಹಬ್ಬ, ಎಷ್ಟು ಸಂತೆ ಅಂತ ಎಣಿಸಿದಳು. ಅಜ್ಜಿಗೆ ಬರುವ ರೂಮು ತಮ್ಮ ರೂಮಿನ ಪಕ್ಕವೇ ಆಗುವ ಹಾಗೆ ಗುಮಾಸ್ತರನ್ನು ಕೇಳುತ್ತೇನೆ ಅಂದಳು. ಅಜ್ಜಿ ಎಲ್ಲಕ್ಕೂ ಹೂಂ ಹೂಂ ಅನ್ನುತ್ತ ಅವಳ ಕೈಹಿಡಿದು ನಡೆದಳು.

ಶೆಡ್ಡು ಕತ್ತಲೆ ಕತ್ತಲೆಯಾಗಿತ್ತು. ಕಿಟಕಿಗಳೆಲ್ಲ ಸೂರಿನ ಹತ್ತಿರ. ಒಂದು ಕಡೆ ಗಂಡಸರ ಚಾಪೆ, ಇನ್ನೊಂದು ಕಡೆ ಹೆಂಗಸರ ಚಾಪೆ. ಒಬ್ಬ ಮುದುಕ ಗೋಡೆಗೆ ಮುಖ ಮಾಡಿ ಕೆಮ್ಮುತ್ತಿದ್ದ. ಫಿನಾಯಿಲಿನ ವಾಸನೆಗೆ ಪಟಾಲುವಿನ ಕಣ್ಣಲ್ಲಿ ನೀರು ಬಂತು. ಆ ದೊಡ್ಡ ಬಾಗಿಲನ್ನು ಹೊರಗಿನಿಂದ ಹಾಕುತ್ತಾರೆ ಅನ್ನುವುದನ್ನು ಅಗುಳಿ ನೋಡಿದ ಕೂಡಲೇ ತಿಳಿದುಕೊಂಡಳು. ಅಜ್ಜಿಯೂ ಅದನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ಶೆಡ್ಡು ನೋಡಿಕೊಳ್ಳುವ ಮುನಿನಾರಾಯಣಮ್ಮ ಅಂತ ಒಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಗುಮಾಸ್ತರು ಕೊಟ್ಟ ಚೀಟಿಯನ್ನೂ ಪಟಾಲು ಬರೆದ ಕಾಗದವನ್ನೂ ತೆಗೆದುಕೊಂಡು, ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಯಾರೂ ಇಲ್ಲವಾ ನಿಂಗೆ?"

"ಇಲ್ಲ ಕಣಮ್ಮ," ಅಂದಳು ಅಜ್ಜಿ.

ಅವರ ಕಣ್ಣು ಪಟಾಲುವಿನ ಕಡೆ ತಿರುಗಿತು. "ಈ ಹುಡುಗಿ ಯಾರು ಮತ್ತೆ? ಏನಾಗಬೇಕು ನಿಂಗೆ?"

ಪಟಾಲುವಿನ ನಾಲಿಗೆಯ ತುದಿಗೆ ಮಾತು ಬಂದಾಗಿತ್ತು. ನಮ್ಮಜ್ಜಿ, ನಮ್ಮ ಸೊಣ್ಣಜ್ಜಿ, ಚೆನ್ನಾಗಿ ನೋಡ್ಕೊಳ್ಳಿ ಅಂತ. ಅಷ್ಟರಲ್ಲಿ ಅಜ್ಜಿ ಹಿಡಿದಿದ್ದ ಕೈಯನ್ನು ಬಿಟ್ಟಳು.

"ಯಾರೂ ಅಲ್ಲ. ಗಂಟು ಭಾರ ಅಂತ ದಾರೀಲಿ ಎತ್ಕೊಂಡು ಬಂದ್ಲು, ಪಾಪ."

ಹೇಳುವಾಗ ಅಜ್ಜಿ ಅವಳ ಕಡೆ ನೋಡಲಿಲ್ಲ. ಮುನಿನಾರಾಯಣಮ್ಮನನ್ನೇ ನೋಡುತ್ತಿದ್ದಳು. ದನಿ ಒಂದಿಷ್ಟೂ ಅಳುಕಲಿಲ್ಲ. ಪಟಾಲುವಿಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಅಜ್ಜಿಯ ಬಿಟ್ಟ ಕೈ ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಕಂಡಿತು. ಹಾಳೆಯ ಮೇಲೆ ದುಂಡಗೆ ಬರೆಯುವಾಗ ತಾನು ಪೆನ್ನನ್ನು ಹಾಗೇ ಹಿಡಿದಿದ್ದಳು.

ಗಂಟನ್ನು ಬಾಗಿಲ ಪಕ್ಕ ಇಳಿಸಿದಳು. ಹೋಗಿ ಬರುತ್ತೇನೆ ಅಜ್ಜಿ ಅನ್ನಬಹುದಿತ್ತು. ಯಾವ ಹುಡುಗಿಯಾದರೂ ಯಾವ ಮುದುಕಿಯನ್ನಾದರೂ ಅಜ್ಜಿ ಅನ್ನುತ್ತಾಳೆ. ಆದರೆ ತಾನು ಅಂದರೆ ಅದು ಹಾಗೆ ಕೇಳಿಸುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಸುಮ್ಮನೆ ತಿರುಗಿ ನಡೆದಳು. ದಾರಿಹೋಕರು ಹೇಗೆ ನಡೆಯುತ್ತಾರೋ ಹಾಗೆ, ನಿಲ್ಲದೆ, ಹಿಂದೆ ನೋಡದೆ.

ದಿಣ್ಣೆಯ ಮೇಲೆ ಅಮ್ಮ ಹೊಸ ರೂಮಿನ ನೆಲ ಸಾರಿಸುತ್ತಿದ್ದಳು.

"ಸರಿಯಾಗಿ ಬಿಟ್ಬಂದ್ಯಾ?"

"ಹೂಂ."

"ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ನಾನು ಯಾರು ಅಂತ ಕೇಳಿದ್ರು."

ಅಮ್ಮನ ಕೈ ನಿಂತಿತು. "ಅಯ್ಯೋ, ನೀನೇನಂದೆ?"

"ನಾನು ಮಾತಾಡ್ಲಿಲ್ಲಮ್ಮ," ಅಂದಳು ಪಟಾಲು.